ಹೂಮಳೆಗೆ ಮೊದಲು ಬೀಟಲ್ ಮಡ್‌ಗಾರ್ಡ್ ಬಿಚ್ಚಿ ನೋಡಿ

ಚಿಕ್ಕಮಗಳೂರು, ಮೂಡಿಗೆರೆ ಕಡೆ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರು ತುಕ್ಕಿನ ಕೆಲಸವನ್ನು ಕಾಫಿ ಕೊಯ್ಲು ಮುಗಿದ ಮೇಲೆ, ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬೀಳುವ ಮೊದಲು ಮಾಡಿಕೊಳ್ಳಬೇಕು. ಆಗ ಗಾಳಿ ಒಣಗಿರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಜೂನ್‌ನಲ್ಲಿ ಕೈ ಹಾಕಿದರೆ ಉಜ್ಜಿದ ತಗಡು ಬೇಗ ಮತ್ತೆ ಕೆಂಪಾಗುತ್ತದೆ.

ಮೊದಲು ಹಿಂದಿನ ಗಾಜಿನ ಕೆಳಗಿನ ಸೀಳುಗಳನ್ನು ನೋಡಿ. ಕಾರಿನ ಹಿಂಭಾಗದಲ್ಲಿರುವ ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ಫ್ಯಾನ್ ಅಲ್ಲಿಂದಲೇ ಗಾಳಿ ಎಳೆದು ಎಂಜಿನ್ ತಣಿಸುತ್ತದೆ. ಸಿಲ್ವರ್ ಓಕ್ ಎಲೆ ಕಟ್ಟಿಕೊಂಡರೆ ತೇವ ನಿಲ್ಲುತ್ತದೆ, ತುಕ್ಕು ಅಲ್ಲೇ ಶುರು. ಬ್ರಷ್‌ನಿಂದ ತೆಗೆಯಿರಿ. ಎಂಜಿನ್ ಸುತ್ತಲಿನ ರಬ್ಬರ್ ಸೀಲ್ ಹರಿದಿದ್ದರೆ ಬದಲಿಸಿ, ಇಲ್ಲದಿದ್ದರೆ ಫ್ಯಾನ್ ಕೆಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಕಾರು ನಿಂತಾಗ ಸೀಳುಗಳ ಮೇಲೆ ಟಾರ್ಪಾಲ್ ಹಾಕಬಹುದು. ಸ್ಟಾರ್ಟ್ ಮಾಡುವ ಮೊದಲು ತೆಗೆಯಲೇಬೇಕು.

ಈಗ ಮಡ್‌ಗಾರ್ಡ್. ನಾಲ್ಕೂ ಬೋಲ್ಟ್‌ನಲ್ಲಿ ನಿಂತಿವೆ, ಇದು ನಮಗೆ ದೊಡ್ಡ ಅನುಕೂಲ. ಹಿಂದಿನ ಸೀಟಿನ ಕೆಳಗಿರುವ ಬ್ಯಾಟರಿಯ ಕನೆಕ್ಷನ್ ತೆಗೆಯಿರಿ. ದೀಪದ ವೈರ್ ಬಿಚ್ಚಿ, ಫುಟ್‌ಬೋರ್ಡ್ ಸೇರುವ ಬೋಲ್ಟ್ ತೆಗೆಯಿರಿ. ಉಳಿದವಕ್ಕೆ 13 ನಂಬರ್ ಸ್ಪ್ಯಾನರ್ ಸಾಕು. ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಸಡಿಲಿಸುವ ಪೆನಟ್ರೇಟಿಂಗ್ ಆಯಿಲ್ ಹಾಕಿ. ನಟ್‌ಗಳು ಬಾಡಿಯಲ್ಲೇ ಕೂತಿರುತ್ತವೆ, ಬಲ ಹಾಕಿದರೆ ಬೋಲ್ಟ್ ಮುರಿಯುತ್ತದೆ ಅಥವಾ ನಟ್ ಕಿತ್ತು ಸುಮ್ನೆ ತಿರುಗುತ್ತದೆ. ಅರ್ಧ ಸುತ್ತು ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ.

ಮಡ್‌ಗಾರ್ಡ್ ಕೈಗೆ ಬಂದಾಗ ಬೀಡಿಂಗ್ (ಬಾಡಿಗೂ ಮಡ್‌ಗಾರ್ಡಿಗೂ ನಡುವಿನ ಪಟ್ಟಿ) ಇದ್ದ ಜಾಗದಲ್ಲಿ, ಹೆಡ್‌ಲೈಟ್ ಹಿಂದೆ, ಕೆಳ ತುದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿರುವುದು ಕಾಣುತ್ತದೆ. ತುಕ್ಕು ಜಾಸ್ತಿ ಹಿಡಿಯುವುದು ಅಲ್ಲೇ. ವೈರ್ ಬ್ರಷ್‌ನಿಂದ ಹೊಳೆಯುವ ತಗಡು ಬರುವವರೆಗೆ ಉಜ್ಜಿ. ಗುಂಡಿಗಳಲ್ಲಿ ಉಳಿದದ್ದಕ್ಕೆ ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ದ್ರವ ಹಚ್ಚಿ, ಒಣಗಿದ ಮೇಲೆ ಪ್ರೈಮರ್ ಹೊಡೆಯಿರಿ.

ತೂತು ಬಿದ್ದಿದ್ದರೆ ಹಾಳಾದ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಬೇಕು. ಪುಟ್ಟಿ ತುಂಬಿ ಮುಚ್ಚಬೇಡಿ. ಒಂದು ಗ್ಯಾರೇಜಿನಲ್ಲಿ ನನ್ನ ಕಾರಿಗೆ ಹಾಗೇ ಮಾಡಿದ್ದರು. ಒಂದೇ ಮಳೆಗಾಲದಲ್ಲಿ ಬಣ್ಣ ಗುಳ್ಳೆ ಎದ್ದಿತು, ಒತ್ತಿದರೆ ಬೆರಳು ಒಳಗೇ ಹೋಯಿತು. ತುಂಬಾ ಬೇಜಾರಾಯಿತು. ಇನ್ನೊಂದು ಮಾತು: ಪೆಟ್ರೋಲ್ ಟ್ಯಾಂಕ್ ಮುಂದೆ ಬಾನೆಟ್ ಕೆಳಗಿದೆ. ಮಡ್‌ಗಾರ್ಡನ್ನು ಕಾರಿನಿಂದ ದೂರ ಒಯ್ದೇ ವೆಲ್ಡ್ ಮಾಡಿಸಿ.

ಜೋಡಿಸುವಾಗ ಹೊಸ ಬೀಡಿಂಗ್ ಹಾಕಿ, ಬೋಲ್ಟಿಗೆ ಗ್ರೀಸ್ ಹಚ್ಚಿ, ಒಳಭಾಗಕ್ಕೆ ನೀರು, ಕೆಸರು ತಡೆಯುವ ಅಂಡರ್‌ಕೋಟ್ ಬಳಿಯಿರಿ. ಮುಂದೆ ತೋಟದ ರಸ್ತೆಯಲ್ಲಿ ಓಡಿಸಿದ ದಿನವೇ ಚಕ್ರದ ಮೇಲ್ಭಾಗಕ್ಕೆ ಪೈಪ್ ಹಿಡಿದು ಮಣ್ಣು ತೊಳೆಯಿರಿ, ಹೆಡ್‌ಲೈಟ್ ಹಿಂದೆಯೂ.