ಬಾಯಿ ಬಿಟ್ಟು ಹೇಳಲಾಗದವರ ನೋವು ಗುರುತಿಸುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನ ಮಗನಿಗೆ 30 ವರ್ಷ. ಬುದ್ಧಿ ಬೆಳವಣಿಗೆ ಕಡಿಮೆ, ಆಡುವ ಮಾತು ನಾಲ್ಕೈದು. ಒಂದು ಮಳೆಗಾಲದಲ್ಲಿ ತಟ್ಟೆ ತಳ್ಳತೊಡಗಿದ, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಹೊರಗೆ ಬಿಡದ್ದಕ್ಕೆ ಹಠ ಅಂದುಕೊಂಡೆವು. ಹದಿನೈದು ದಿನದ ಮೇಲೆ ನೋಡಿದರೆ ದವಡೆ ಹಲ್ಲಲ್ಲಿ ಕೀವು!

ಮೊದಲ ಕೆಲಸವನ್ನು ಅವರು ಚೆನ್ನಾಗಿರುವಾಗಲೇ ಮಾಡಿಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ನಿದ್ದೆ, ಊಟ, ನಡಿಗೆ, ಖುಷಿಯ ಸದ್ದು, ಸಿಟ್ಟಿನ ಸದ್ದು ಎಲ್ಲ ಬರೆಯಿರಿ. ನಮ್ಮವನು ಖುಷಿಗೂ ಕಿರುಚುತ್ತಾನೆ. ಅದು ಮನೆಯವರಿಗೆ ಗೊತ್ತು, ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ದಿನಾ ಬೆಳಗ್ಗೆ ಬಚ್ಚಲ ಒಲೆ ಮುಂದೆ ಕೂರುವವನು ಒಂದು ದಿನ ಹಾಸಿಗೆ ಬಿಟ್ಟು ಏಳಲಿಲ್ಲ ಅಂದರೆ ಅದೇ ಸುಳಿವು. ನೋವಾದರೆ ಎಲ್ಲರೂ ಅಳುವುದಿಲ್ಲ. ಕೆಲವರು ಸುಮ್ನೆ ಮುದುಡಿಕೊಳ್ಳುತ್ತಾರೆ.

ಅನುಮಾನ ಬಂದರೆ ಅಂಕ ಹಾಕಿ. 'ಫ್ಲ್ಯಾಕ್' ಎಂಬ ನೋವಿನ ಅಳತೆ 1997ರದ್ದು. ಮುಖ, ಕಾಲು, ಮೈ ಅಲುಗಾಟ, ಅಳು, ಸಮಾಧಾನವಾಗುವ ರೀತಿ, ಈ ಐದಕ್ಕೂ 0, 1 ಅಥವಾ 2. ಒಟ್ಟು 10. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವು ಸಣ್ಣದಲ್ಲ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ 2006ರಲ್ಲಿ ಇದನ್ನು ತಿದ್ದಿದರು. ಅದರಲ್ಲಿ ನಿಮ್ಮ ಮಗುವಿನದೇ ಗುರುತುಗಳನ್ನು ಸೇರಿಸಬಹುದು. ನಾವು 30 ವರ್ಷದ ನಮ್ಮವನಿಗೂ ಇದನ್ನೇ ಬಳಸುತ್ತೇವೆ. ನನ್ನ ಕೇಳಿದರೆ, ಇವತ್ತಿನ ಅಂಕಕ್ಕಿಂತ ನಿನ್ನೆಗೂ ಇವತ್ತಿಗೂ ಆದ ಬದಲಾವಣೆಯೇ ಜಾಸ್ತಿ ಹೇಳುತ್ತದೆ.

ಆಮೇಲೆ ತಲೆಯಿಂದ ಕಾಲಿನವರೆಗೆ ಹುಡುಕಿ. ಹಲ್ಲು, ಕಿವಿ, ಮಲಬದ್ಧತೆ, ಉರಿಮೂತ್ರ, ಹೆಣ್ಣುಮಕ್ಕಳಿಗೆ ಮುಟ್ಟಿನ ದಿನ. ಗಾಲಿಕುರ್ಚಿಯಲ್ಲಿರುವವರಿಗೆ ಸೊಂಟದ ಕೀಲು, ಕೂತ ಜಾಗದ ಹುಣ್ಣು. ಬೂಟಿನೊಳಗೂ ಇಣುಕಿ. ಮಲೆನಾಡಲ್ಲಿ ಉಂಬಳ (ಜಿಗಣೆ) ಕಚ್ಚಿದ ಗಾಯ ಕೆರೆದು ಕೆರೆದು ಹುಣ್ಣಾಗುವುದು ಹೊಸತೇನಲ್ಲ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಊರಿನ ಡಾಕ್ಟರ ಹತ್ತಿರವೋ ಹೋಗುವಾಗ ನೋಟ್‌ಬುಕ್ಕಿನ ಜೊತೆ ಮೊಬೈಲಲ್ಲಿ ಎರಡು ವಿಡಿಯೊ ಇರಲಿ: ಚೆನ್ನಾಗಿದ್ದ ದಿನದ್ದು, ಈಗಿನದ್ದು. 'ಇಂಥವರು ಇರೋದೇ ಹೀಗೆ' ಅಂತ ಡಾಕ್ಟರ್ ಅಂದರೆ ವಿಡಿಯೊ ತೋರಿಸಿ. ಡಾಕ್ಟರ್ ಹೇಳಿದ ಪ್ರಮಾಣದಲ್ಲೇ ನೋವಿನ ಮಾತ್ರೆ ಕೊಟ್ಟು, ಗಂಟೆ ಬಿಟ್ಟು ಮತ್ತೆ ಅಂಕ ಹಾಕಿ. ಇಳಿದರೆ ನೋವೇ ಇರಬಹುದು. ಆದರೂ ಕಾರಣ ಹುಡುಕುವುದನ್ನು ಬಿಡಬೇಡಿ.

ಉಸಿರು ಕಟ್ಟುತ್ತಿದ್ದರೆ, ಹೊಟ್ಟೆ ಕಲ್ಲಾಗಿದ್ದರೆ, ಕಾಲೂರಲು ಆಗದಿದ್ದರೆ ಅಂಕ ಹಾಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.