ಕುದುರೆಮುಖ ಹತ್ತುವವರಿಗೆ ಒಂದಿಷ್ಟು ಮಾತು

ಕುದುರೆಮುಖದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಚಾರಣ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ 1,894 ಮೀಟರ್ ಎತ್ತರದ ತುದಿಗೆ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಇದು ರಾಷ್ಟ್ರೀಯ ಉದ್ಯಾನ, ಮೇಲೆ ಟೆಂಟ್ ಹಾಕುವಂತಿಲ್ಲ. ಕತ್ತಲಾಗುವ ಮುಂಚೆ ಕೆಳಗಿಳಿದಿರಲೇಬೇಕು.

ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದು, ಕಳಸದಲ್ಲಿ ಇಳಿದು, ನಿದ್ದೆಗಣ್ಣಲ್ಲೇ ಹತ್ತಲು ಹೊರಡುವವರು ಜಾಸ್ತಿ. ಹಾಗೆ ಮಾಡಬೇಡಿ. ನಾನು ಒಂದು ದಿನ ಮುಂಚೆಯೇ ಹೋಗಿ ಮುಳ್ಳೋಡಿಯ ಹೋಂಸ್ಟೇಯಲ್ಲಿ ಉಳಿಯುತ್ತೇನೆ. ಕಳಸದ ಹತ್ತಿರದ ಬಾಳೆಗಲ್‌ನಿಂದ ಅಲ್ಲಿಗೆ ಜೀಪೇ ಗತಿ, ರಸ್ತೆ ಅಷ್ಟು ಹದಗೆಟ್ಟಿದೆ. ಫೋನ್ ಸಿಗ್ನಲ್ ನಂಬಬೇಡಿ. ಮನೆಗೆ ಹೇಳಬೇಕಾದ್ದನ್ನು ಕಳಸದಲ್ಲೇ ಹೇಳಿ, ಕೈಯಲ್ಲಿ ನಗದು ಇಟ್ಟುಕೊಳ್ಳಿ. ಅರಣ್ಯ ಇಲಾಖೆಯ ಅನುಮತಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವುದರಿಂದ ಶನಿವಾರ, ಭಾನುವಾರ ಬಿಟ್ಟು ನೋಡಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣವನ್ನೇ ನಿಲ್ಲಿಸುವುದುಂಟು.

ನನಗೆ ಇಷ್ಟವಾದ ಕಾಲ ಮಳೆ ಸ್ವಲ್ಪ ಇಳಿದ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಆಗ ಗುಡ್ಡದ ಮೈಯೆಲ್ಲ ಹಸಿರು ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಮಳೆ ನಿಂತ ಮೇಲೂ ಹಳ್ಳಗಳು ಹರಿಯುವುದು ಈ ಹುಲ್ಲು, ಈ ಶೋಲಾ ನೀರು ಹಿಡಿದಿಡುವುದರಿಂದ. 2005ರ ಕೊನೆಯವರೆಗೂ ಇದೇ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಅದು ನಿಂತಿದ್ದಕ್ಕೆ ನನಗೆ ಇವತ್ತಿಗೂ ಸಮಾಧಾನ. ದಾರಿ ಬಿಟ್ಟು ಹುಲ್ಲು ತುಳಿದು ಅಡ್ಡದಾರಿ ಹಿಡಿಯಬೇಡಿ ಅಂತ ನಾನು ಎಲ್ಲರನ್ನೂ ಕೇಳಿಕೊಳ್ಳುವುದೂ ಇದಕ್ಕೇ. ತುಳಿದ ಜಾಗದಲ್ಲಿ ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ.

ದಾರಿಯಲ್ಲಿ ಗುರುತಾಗಿ ನಿಂತಿರುವ ಒಂಟಿಮರದವರೆಗೆ ನಡಿಗೆ ಸಲೀಸು. ಕಷ್ಟ ಶುರುವಾಗುವುದು ಆಮೇಲೆ. ಬೋಳು ದಿಣ್ಣೆಯ ಮೇಲೆ ಗಾಳಿ ಮನುಷ್ಯನನ್ನೇ ತಳ್ಳುತ್ತದೆ, ಛತ್ರಿ ಸುಮ್ನೆ ಭಾರ. ರೇನ್‌ಕೋಟ್ ಒಯ್ಯಿರಿ. ಶೂ ಬೆಲೆ ಎಷ್ಟಾದರೂ ಇರಲಿ, ಅಡಿಭಾಗ ಒದ್ದೆ ಮಣ್ಣನ್ನು ಕಚ್ಚಿ ಹಿಡಿಯಬೇಕು. ಜಾರುವುದು ಹತ್ತುವಾಗಲ್ಲ, ಇಳಿಯುವಾಗ. ಮಧ್ಯಾಹ್ನ ಒಂದು ಗಂಟೆಗೆ ತುದಿ ಸಿಗದಿದ್ದರೆ ನಾನು ಅಲ್ಲಿಂದಲೇ ವಾಪಸ್. ಮಂಜು ಮುಚ್ಚಿದ ಮೇಲೆ ತುದಿಯಲ್ಲಿ ನಿಂತರೂ ಕಾಣುವುದೇನಿಲ್ಲ, ಅಲ್ವಾ?

ಇನ್ನು ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಮಳೆಗಾಲದಲ್ಲಿ ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ. ಎಲೆಯ ತುದಿಯಲ್ಲಿ ದಾರದ ಎಳೆಯಷ್ಟು ಸಣ್ಣಗೆ ಎದ್ದು ನಿಂತು ಆಡುತ್ತಿರುತ್ತದೆ. ಕಾಲು ಸೋಕಿದರೆ ಸಾಕು, ಹತ್ತಿತು. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ. ಕಾಡಿನೊಳಗೆ ನಿಲ್ಲದೆ ನಡೆಯಿರಿ, ಬಯಲಿಗೆ ಬಂದು ಕಾಲು ನೋಡಿಕೊಳ್ಳಿ. ಕಚ್ಚಿದ್ದರೆ ಎಳೆದು ಕೀಳಬೇಡಿ, ಉಗುರಿನಿಂದ ಬಾಯಿಯ ಬದಿಗೆ ಮೀಟಿದರೆ ಬಿಡುತ್ತದೆ. ಅದರ ಎಂಜಲಿಗೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಹೆದರದೆ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ವಾಪಸ್ ಬಂದ ಮೇಲೆ ಶೂ, ಕಾಲುಚೀಲ ಎರಡನ್ನೂ ಜಗಲಿಯ ಹೊರಗೇ ಕೊಡವಿಬಿಡಿ. ಇಲ್ಲದಿದ್ದರೆ ರಾತ್ರಿ ಹಾಸಿಗೆಯಲ್ಲಿ ಸಿಗುತ್ತವೆ.