ಮೇಡಂ ಸುಮ್ಮನಿದ್ದಾಗ

ಶನಿವಾರ ಸಂಜೆ ನಾನು ಮುಂಬೈ ಬಳಿಯ ಡೊಂಬಿವಲಿಯ ಮನೆಯಿಂದ ನಡೆಸುವ ಆನ್‌ಲೈನ್ ಕನ್ನಡ ತರಗತಿಗೆ ವಸಾಯಿಯಿಂದ ಪನ್ವೇಲ್‌ವರೆಗಿನವರು ಬರುತ್ತಾರೆ. ಘಾಟ್‌ಕೋಪರ್‌ನ ಹೋಟೆಲಿನ ಕ್ಯಾಷಿಯರ್, ಬ್ಯಾಂಕ್ ನೌಕರರು, ಮೀರಾ ರೋಡಿನ ಗೃಹಿಣಿಯರು, ಇಲ್ಲೇ ಹುಟ್ಟಿ ಕನ್ನಡ ಮಾತನಾಡಲು ಬಂದರೂ ಬರೆಯಲು ಹಿಂಜರಿಯುವ ಕಾಲೇಜು ಹುಡುಗರು. ಹೆಚ್ಚಿನವರ ಮನೆಮಾತು ತುಳು. ನೇರ ತರಗತಿ ಒಂದೇ ಗಂಟೆ. ಉಳಿದ ವಾರವೆಲ್ಲ ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಲಿಖಿತ ಚರ್ಚೆ. ಲೋಕಲ್ ರೈಲಿನ ಗದ್ದಲದಲ್ಲಿ ನಿಂತವರೂ ಅದರಲ್ಲಿ ಪಾಲ್ಗೊಳ್ಳಬಹುದು.

ಆದರೆ ಆರಂಭದಲ್ಲಿ ಅದು ಚರ್ಚೆಯೇ ಆಗಿರಲಿಲ್ಲ. ಪ್ರತಿಯೊಬ್ಬರೂ ‘ಮೇಡಂ’ ಎಂದು ಶುರುಮಾಡಿ ನನಗೇ ಬರೆಯುತ್ತಿದ್ದರು. ಪಕ್ಕದವರ ಬರಹದ ಕೆಳಗೆ ‘ಚೆನ್ನಾಗಿದೆ, ಒಪ್ಪುತ್ತೇನೆ’ ಎಂಬ ಎರಡು ಪದ, ಅದೂ ಗಡುವು ಮುಗಿಯುವ ರಾತ್ರಿ. ದೂರಶಿಕ್ಷಣದ ಒಡನಾಟವನ್ನು ಆ ಕ್ಷೇತ್ರದ ವಿದ್ವಾಂಸ ಮೈಕೆಲ್ ಮೂರ್ 1989ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದ್ದರು: ಪಾಠದೊಡನೆ, ಶಿಕ್ಷಕರೊಡನೆ, ಸಹಪಾಠಿಗಳೊಡನೆ. ನಮ್ಮಲ್ಲಿ ಮೊದಲೆರಡು ಧಾರಾಳ, ಮೂರನೆಯದಕ್ಕೆ ಬರ.

ಉತ್ತರ ಪಾಠದಲ್ಲೇ ಇದ್ದರೆ ಮೊದಲು ಬರೆದವರ ನಂತರ ಉಳಿದವರಿಗೆ ಹೇಳಲು ಏನಿರುತ್ತದೆ? ಹಾಗಾಗಿ ಮುಂಬೈನ ವರ್ಳಿಯ ಬಿಡಿಡಿ ಚಾಳುಗಳನ್ನು, ಅಂದರೆ ಬ್ರಿಟಿಷರ ಕಾಲದ ಒಂಟಿ ಕೋಣೆಗಳ ವಸತಿ ಕಟ್ಟಡಗಳನ್ನು, ಚರ್ಚೆಗೆ ಎಳೆದೆ. ಅಲ್ಲಿನ 160 ಚದರಡಿಯ ಕೋಣೆಗಳಿಗೆ ಬದಲಾಗಿ ಬಾಡಿಗೆದಾರರಿಗೆ ಬಹುಮಹಡಿ ಕಟ್ಟಡದಲ್ಲಿ 500 ಚದರಡಿಯ ಫ್ಲಾಟ್ ಕೊಡುವ ಯೋಜನೆ ನಡೆಯುತ್ತಿದೆ. ‘ಚಾಳು ಬಿಟ್ಟವರು ಗಳಿಸುವುದು ಹೆಚ್ಚೋ, ಕಳೆದುಕೊಳ್ಳುವುದು ಹೆಚ್ಚೋ?’ ಎಂದು ಕೇಳಿದೆ. ಹಬ್ಬಗಳು, ತೆರೆದ ಬಾಗಿಲುಗಳು, ಉದ್ದನೆಯ ಪಡಸಾಲೆ ಎಂದು ಒಬ್ಬ ಹುಡುಗ ಕರಗಿ ಬರೆದ. ಚಾಳಿನಲ್ಲೇ ಬೆಳೆದ ಗೃಹಿಣಿಯೊಬ್ಬರು ತಿರುಗೇಟು ಕೊಟ್ಟರು: ‘ಬೆಳಗಿನ ಶೌಚಾಲಯದ ಸಾಲಿನಲ್ಲಿ ನೀನು ನಿಂತಿದ್ದೆಯಾ ತಮ್ಮಾ?’ ಆತ ಸುಮ್ಮನಾಗಲಿಲ್ಲ, ಅಜ್ಜಿಯನ್ನು ಕೇಳಿಕೊಂಡು ಬಂದು ಮತ್ತೆ ಬರೆದ. ಹೋಟೆಲಿನ ಕ್ಯಾಷಿಯರ್ ಬಾಡಿಗೆ, ನಿರ್ವಹಣಾ ಶುಲ್ಕಗಳ ಲೆಕ್ಕ ತಂದಿಟ್ಟರು. ಅಷ್ಟೂ ಹೊತ್ತು ‘ಮೇಡಂ’ ಎಂದು ಯಾರೂ ಕರೆಯಲಿಲ್ಲ. ನನಗೆ ಸ್ವಲ್ಪ ಬೇಸರವೂ ಆಯಿತೆನ್ನಿ!

ಪ್ರಶ್ನೆಯಷ್ಟೇ ಮುಖ್ಯವಾದದ್ದು ನನ್ನ ಮೌನ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ವಿದ್ಯಾರ್ಥಿಗಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಪ್ಪತ್ತರ ದಶಕದಲ್ಲಿ ತೋರಿಸಿದ್ದರು. ಅದು ಎದುರುಬದುರು ಕುಳಿತ ತರಗತಿಯ ಮಾತು. ಲಿಖಿತ ಚರ್ಚೆಯಲ್ಲಿ ನಾನು ಬುಧವಾರ ರಾತ್ರಿಯವರೆಗೆ ಬಾಯಿ ತೆರೆಯುವುದಿಲ್ಲ. ಶಿಕ್ಷಕಿ ತೀರ್ಪು ಕೊಟ್ಟ ಮೇಲೆ ವಾದ ಮುಂದುವರಿಸುವ ಧೈರ್ಯ ನಮ್ಮವರಿಗೆ ಕಡಿಮೆ. ಬುಧವಾರವೂ ತೀರ್ಪು ಕೊಡುವುದಿಲ್ಲ. ‘ಇವರ ಲೆಕ್ಕಕ್ಕೂ ಅವರ ಅಜ್ಜಿಯ ಮಾತಿಗೂ ಹೊಂದಾಣಿಕೆ ಇದೆಯೇ?’ ಎಂದು ಇಬ್ಬರನ್ನು ಎದುರಾಗಿಸುತ್ತೇನೆ.

ಮೂಡಲ್‌ನಲ್ಲಿ ಪ್ರಶ್ನೋತ್ತರ ಮಾದರಿಯ ವೇದಿಕೆಯೂ ಉಂಟು. ತಾವು ಬರೆಯುವವರೆಗೆ ಇತರರ ಉತ್ತರ ಕಾಣಿಸುವುದಿಲ್ಲ. ನಕಲು ತಪ್ಪಿಸಲು ಒಳ್ಳೆಯದು, ಆದರೆ ಹೊಸಬರು ಅದರಲ್ಲಿ ಹೆದರುತ್ತಾರೆ, ಇತರರದನ್ನು ಓದಿಯೇ ಅವರಿಗೆ ಬರೆಯುವ ಧಾಟಿ ಸಿಗುವುದು. ಹಾಗಾಗಿ ಅದನ್ನು ಕೊನೆಯ ತಿಂಗಳಿಗೆ ಇಟ್ಟುಕೊಳ್ಳುತ್ತೇನೆ. ಬರೀ ಓದಿ ಹೋಗುವವರನ್ನು ನಾನು ಸೋಮಾರಿಗಳೆಂದು ಭಾವಿಸುವುದಿಲ್ಲ; ಮುಂದಿನ ಶನಿವಾರ ಅವರ ಮಾತಿನಲ್ಲಿ ಆ ಓದು ಕೇಳಿಸುತ್ತದೆ.

ಅಂಕಗಳನ್ನು ಬರಹಗಳ ಸಂಖ್ಯೆಗೆ ಕೊಡುವುದಿಲ್ಲ. ಸಹಪಾಠಿಗೆ ಒಂದು ಪ್ರಶ್ನೆ ಕೇಳಬೇಕು, ತನಗೆ ಬಂದ ಒಂದಕ್ಕೆ ಉತ್ತರಿಸಬೇಕು, ಅಷ್ಟೇ. ಒತ್ತಕ್ಷರ, ವಿಭಕ್ತಿಗಳ ತಪ್ಪನ್ನು ಚರ್ಚೆಯ ನಡುವೆ ತಿದ್ದುವುದೂ ಇಲ್ಲ. ಎಲ್ಲರೆದುರು ತಿದ್ದಿಸಿಕೊಂಡವರು ಆ ವಾರ ಮತ್ತೆ ಬರೆಯುವುದು ಅಪರೂಪ. ಪದೇ ಪದೇ ಕಂಡ ತಪ್ಪುಗಳನ್ನು ಯಾರ ಹೆಸರೂ ಹೇಳದೆ ಶನಿವಾರದ ತರಗತಿಯ ಮೊದಲ ಹತ್ತು ನಿಮಿಷ ಬಿಡಿಸಿ ಹೇಳುತ್ತೇನೆ.